ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಆಟಗಾರ ಆಟ, ಸಂಸಾರ ಎರಡನ್ನೂ ಹೇಗೆ ತೂಗಿಸುತ್ತಾನೆ?

ಕ್ಲಬ್‌ನ ಟ್ರಯಲ್‌ಗೆ ಇನ್ನು ಹನ್ನೆರಡು ದಿನ ಇದೆ, ಮದುವೆಯೂ ಗೊತ್ತಾಗಿದೆ, ಆಟ ಬೇಕೋ ಸಂಸಾರ ಬೇಕೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ನನ್ನ ಕಣ್ಣು ನಿಂತಿದ್ದು ಮಾತ್ರ ನೀವು ನಡುವೆ ಬರೆದ ಒಂದು ಸಾಲಿನ ಮೇಲೆ: "ಹತ್ತು ದಿನದ ಹಿಂದೆ ಕಾಲು ಉಳುಕಿತ್ತು, ಯಾರಿಗೂ ಹೇಳಿಲ್ಲ, ಈಗ ನೋವಿಲ್ಲ, ಟೇಪ್ ಸುತ್ತಿಕೊಂಡು ಆಡಿಬಿಡುತ್ತೇನೆ."

ನಾನು ಒಂಬತ್ತನೇ ದಿನಕ್ಕೇ ಹಾಗೆ ಆಡಿದವನು.

ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗ ಬಲಗಾಲು ಇನ್ನೊಬ್ಬನ ಶೂ ಮೇಲೆ ಬಿತ್ತು, ಪಾದ ಒಳಮುಖವಾಗಿ ಮಡಚಿಕೊಂಡಿತು. ಆಂಕಲ್‌ನ, ಅಂದರೆ ಪಾದದ ಕೀಲಿನ, ಹೊರಗಡೆಯ ಉಬ್ಬು ಮೂಳೆಯ ಮುಂದೆ ಅರ್ಧ ಗಂಟೆಯಲ್ಲಿ ಮೊಟ್ಟೆ ಗಾತ್ರದ ಬಾವು. ಐಸ್ ಇಟ್ಟೆ, ಕ್ರೇಪ್ ಬ್ಯಾಂಡೇಜ್ ಕಟ್ಟಿದೆ, ಮಲಗಿದಾಗ ಕಾಲು ದಿಂಬಿನ ಮೇಲಿಟ್ಟೆ. ಅಷ್ಟರವರೆಗೆ ತಪ್ಪೇನೂ ಇರಲಿಲ್ಲ. ನಾಲ್ಕನೇ ದಿನ ಕುಂಟದೆ ನಡೆದೆ. ಏಳನೇ ದಿನ ಸಮತಟ್ಟಿನಲ್ಲಿ ಮೆಲ್ಲಗೆ ಓಡಿದೆ. ಒಂಬತ್ತನೇ ದಿನ ನೋವಿನ ಮಾತ್ರೆ ನುಂಗಿ, ಟೇಪ್ ಬಿಗಿಯಾಗಿ ಸುತ್ತಿ ಅಂಕಣಕ್ಕೆ ಇಳಿದೆ. ಆವತ್ತು ಚೆನ್ನಾಗಿಯೇ ಆಡಿದೆ. ಆಮೇಲಿನ ಅನಾಹುತಕ್ಕೆಲ್ಲ ದಾರಿ ಮಾಡಿದ್ದು ಆ ಚೆನ್ನಾದ ಆಟವೇ. ಫಿಸಿಯೊಗೆ ಹೇಳುವ ಅಗತ್ಯವೇ ಇಲ್ಲ ಅಂದುಕೊಂಡೆ.

ಇಲ್ಲಿ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತುದಿಗಾಲಲ್ಲಿ ಇಳಿಯುವಾಗ ಮೊದಲು ಎಳೆತಕ್ಕೆ ಸಿಗುವುದು ಆ ಉಬ್ಬು ಮೂಳೆಯ ಮುಂದಿರುವ ಸಣ್ಣ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ನಾರು. ಹೊರಗಡೆ ಇರುವ ಮೂರರಲ್ಲಿ ಬಹುತೇಕ ಮೊದಲು ಹರಿಯುವುದೂ ಅದೇ. ನೋವು ಬರುವುದು ಬಹುಮಟ್ಟಿಗೆ ಉರಿ, ಬಾವುಗಳಿಂದ, ಅವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಲಿಗಮೆಂಟ್ ಆ ವೇಗದಲ್ಲಿ ಕೂಡುವುದಿಲ್ಲ. ಹರಿದ ಜಾಗದಲ್ಲಿ ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿ ಹುಟ್ಟಿಕೊಳ್ಳುತ್ತವೆ, ಎಳೆತದ ದಿಕ್ಕಿಗೆ ಸಾಲಾಗಿ ಗಟ್ಟಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಹಾಗಾಗಿ ಒಂಬತ್ತನೇ ದಿನ ನೋವು ಹೋಗಿರುತ್ತದೆ, ಕೀಲು ಇನ್ನೂ ಸಡಿಲವಾಗಿಯೇ ಇರುತ್ತದೆ. ನೋವನ್ನೇ ಅಳತೆಗೋಲು ಮಾಡಿಕೊಂಡೆ ನೋಡಿ, ಅದೇ ನನ್ನ ತಪ್ಪು. ಮಾತ್ರೆ ನುಂಗಿ ಆ ಅಳತೆಗೋಲನ್ನೂ ಕೈಯಾರೆ ಮುರಿದುಕೊಂಡೆ.

ಇನ್ನೊಂದು ಸಂಗತಿ ನನಗೆ ಆಗ ಗೊತ್ತೇ ಇರಲಿಲ್ಲ. ಪಾದ ಯಾವ ಕೋನದಲ್ಲಿದೆ ಅಂತ ಮಿದುಳಿಗೆ ತಿಳಿಸುವ ನರದ ತುದಿಗಳು ಆ ಲಿಗಮೆಂಟ್‌ನಲ್ಲೂ ಇರುತ್ತವೆ. ಅದು ಹರಿದರೆ ಸುದ್ದಿಯೂ ಕೆಡುತ್ತದೆ. ಪಾದ ಮಡಚಿಕೊಳ್ಳುವಾಗ ಅದನ್ನು ಹೊರಕ್ಕೆ ಎಳೆದು ಹಿಡಿಯಬೇಕಾದ್ದು ಕಾಲಿನ ಹೊರಬದಿಯ ಸ್ನಾಯುಗಳು. ಸುದ್ದಿ ತಡವಾದರೆ ಅವೂ ತಡವಾಗಿ ಎಚ್ಚರಾಗುತ್ತವೆ, ಅಷ್ಟರಲ್ಲಿ ಪಾದ ಮಡಚಿ ಆಗಿರುತ್ತದೆ. ಮೊದಲ ಸಲ ಉಳುಕಿದ್ದು ಇನ್ನೊಬ್ಬನ ಶೂ ಮೇಲೆ. ಮೂರು ವಾರದ ಮೇಲೆ ಎರಡನೇ ಸಲ ಉಳುಕಿದಾಗ ಅಕ್ಕಪಕ್ಕ ಯಾರೂ ಇರಲಿಲ್ಲ, ಬರೀ ದಿಕ್ಕು ಬದಲಿಸಲು ಕಾಲೂರಿದ್ದೆ. ಮೂರನೇ ಸಲ ವಾರ್ಮ್-ಅಪ್‌ನಲ್ಲಿ.

ಟೇಪ್ ಬಗ್ಗೆ ನಿಮಗಿರುವ ನಂಬಿಕೆಯನ್ನೂ ಬಿಡಿ. ಬಿಗಿಯಾಗಿ ಸುತ್ತಿದ ಟೇಪ್ ಕೂಡ ಇಪ್ಪತ್ತು ಮೂವತ್ತು ನಿಮಿಷ ಓಡಿ ಬೆವರಿದ ಮೇಲೆ ಬಹಳಷ್ಟು ಸಡಿಲವಾಗುತ್ತದೆ. ಇಪ್ಪತ್ತು ನಿಮಿಷದ ವಾರ್ಮ್-ಅಪ್ ಮುಗಿಸಿ ಆಟ ಶುರುವಾಗುವ ಹೊತ್ತಿಗೇ ಅದರ ಹಿಡಿತ ಬಹಳಷ್ಟು ಹೋಗಿರುತ್ತದೆ, ಮುಂದೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಬಾಕಿ. ಅದಕ್ಕಿಂತ ಲೇಸ್ ಕಟ್ಟುವ ಬ್ರೇಸ್, ಅಂದರೆ ಆಂಕಲ್‌ಗೆ ಹಾಕುವ ಪಟ್ಟಿ, ಮೇಲು, ಮಧ್ಯಂತರದಲ್ಲಿ ಮತ್ತೆ ಎಳೆದು ಕಟ್ಟಬಹುದು. ಆದರೆ ವಾಸಿಯಾದ ಕಾಲನ್ನು ಕಾಯಲು ಬ್ರೇಸ್, ವಾಸಿಯಾಗದ ಕಾಲನ್ನು ಆಡಿಸಲು ಅಲ್ಲ.

ಮೂರು ಸಲ ಉಳುಕಿದ ಕೀಲು ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಅಡ್ಡಕ್ಕೆ ಬೇಕಾದಷ್ಟು ಜಾರುತ್ತದೆ, ಮುಂದಕ್ಕೆ ಮಾತ್ರ ಬಾಗುವುದಿಲ್ಲ. ಹಾರಿ ಇಳಿಯುವಾಗ ಆಂಕಲ್ ಮುಂದಕ್ಕೆ ಬಾಗಿ ಹೊಡೆತ ನುಂಗಬೇಕು. ಅದು ಬಾಗದಿದ್ದರೆ ಆ ಭಾರ ಮಂಡಿಗೆ ಏರುತ್ತದೆ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ದಿನಕ್ಕೆ ನೂರಾರು ಸಲ ಎಳೆತ ತಿನ್ನುತ್ತದೆ. ನನ್ನ ಸೀಸನ್ ಮುಗಿಸಿದ್ದು ಕೊನೆಗೆ ಆ ಮಂಡಿ. ಕ್ಲಬ್ ಕರಾರನ್ನು ಮುಂದುವರಿಸಲಿಲ್ಲ. ಮಂಡಿಗೆ ಚಿಕಿತ್ಸೆ ಕೊಟ್ಟ ಫಿಸಿಯೊ ಮೊದಲು ನೋಡಿದ್ದು ಆಂಕಲ್. ಗೋಡೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಪಾದ ಎಷ್ಟು ದೂರ ಇಡಬಲ್ಲೆ ಅಂತ ಅಳೆದರು: ಎಡಗಾಲು 11 ಸೆಂ.ಮೀ., ಬಲಗಾಲು 6.

ದೊಡ್ಡವರ ಕಥೆಯೂ ಬೇರೆಯಲ್ಲ. ಅಮೆರಿಕದ ಎನ್‌ಬಿಎ ಲೀಗ್‌ನ ಗ್ರಾಂಟ್ ಹಿಲ್ 2000ದ ಪ್ಲೇಆಫ್‌ನಲ್ಲಿ ನೋಯುತ್ತಿದ್ದ ಎಡ ಆಂಕಲ್ ಮೇಲೆಯೇ ಆಡಿದರು. ಮೂಳೆ ಮುರಿದಿದ್ದು ಆಮೇಲೆ ತಿಳಿಯಿತು. ಒರ್ಲಾಂಡೊ ಮ್ಯಾಜಿಕ್ ತಂಡದಲ್ಲಿ ಅವರ ಮೊದಲ ನಾಲ್ಕು ಸೀಸನ್ ಸೇರಿ 328 ಲೀಗ್ ಪಂದ್ಯಗಳು, ಅವರು ಆಡಿದ್ದು 47. ಇನ್ನೊಂದು ಕಡೆ ಅದೇ ಲೀಗ್‌ನ ಸ್ಟೀಫನ್ ಕರ್ರಿ. 2011-12ರ ಸೀಸನ್‌ನಲ್ಲಿ ಬಲ ಆಂಕಲ್ ಕಾಟದಿಂದ 26 ಪಂದ್ಯಗಳಷ್ಟೇ. 2011ರಲ್ಲಿ, 2012ರಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆ. ಆಮೇಲೆ ಸೊಂಟ, ತೊಡೆಗಳ ಬಲದಿಂದ ದಿಕ್ಕು ಬದಲಿಸುವುದನ್ನು ಹೊಸದಾಗಿ ಕಲಿತು ಆಂಕಲ್ ಮೇಲಿನ ಹೊರೆ ಇಳಿಸಿಕೊಂಡರು. 2015, 2016ರಲ್ಲಿ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ, ಆದವರು ಅದೇ ಆಂಕಲ್‌ನವರು.

ಈಗ ಮಾಡಬೇಕಾದ್ದು. ಉಬ್ಬು ಮೂಳೆಗಳ ಹಿಂಬದಿ ಅಂಚನ್ನು ಕೆಳಗಿನಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಒತ್ತಿ ನೋಡಿ, ಒಳಬದಿ ಹೊರಬದಿ ಎರಡೂ. ಪಾದದ ಹೊರಅಂಚಿನ ಮಧ್ಯದ ಮೂಳೆಯನ್ನೂ ಒತ್ತಿ. ಅಲ್ಲಿ ಮೂಳೆಯ ಮೇಲೇ ನೋವಿದ್ದರೆ ಅಥವಾ ಉಳುಕಿದ ದಿನ ನಾಲ್ಕು ಹೆಜ್ಜೆ ಇಡಲೂ ಆಗಿರದಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ, ಉಳಿದದ್ದೆಲ್ಲ ಆಮೇಲೆ.

ಮೂಳೆ ಸರಿ ಇದ್ದರೆ ಬರಿಗಾಲಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿ. ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಇನ್ನೊಂದು ಸೆಂ.ಮೀ. ಹಿಂದಕ್ಕೆ ಸರಿಸಿ. ಹಿಮ್ಮಡಿ ಏಳುವ ಮುಂಚಿನ ಕೊನೆಯ ಅಳತೆಯಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಅಂತ ಬರೆದುಕೊಳ್ಳಿ. ಎರಡು ಕಾಲಿಗೂ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹಾರುವ ಆಟ ಬೇಡ. ಆಮೇಲೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, 25 ಸಲ ಬರಬೇಕು. ನನಗೆ ಆ ದಿನಗಳಲ್ಲಿ ಬರುತ್ತಿದ್ದುದು 9. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲಿ, ಇನ್ನೊಂದು ಕಾಲು ನೆಲ ಮುಟ್ಟಬಾರದು. ಕೊನೆಗೆ ಒಂಟಿ ಕಾಲಲ್ಲಿ ಮುಂದಕ್ಕೆ ಒಂದು ಜಿಗಿತ, ಇಳಿದಲ್ಲೇ ಅಲುಗಾಡದೆ ನಿಲ್ಲಬೇಕು. ದೂರ ಒಳ್ಳೆಯ ಕಾಲಿನದಕ್ಕೆ ಹೋಲಿಸಿದರೆ ಶೇ 90 ಆದರೂ ಇರಲಿ.

ಇವೆಲ್ಲ ದಾಟಿದ ಮೇಲೂ ನೇರ ಆಟಕ್ಕೆ ಇಳಿಯಬೇಡಿ. ನೇರ ಓಟ, ಆಮೇಲೆ ವೇಗದಲ್ಲಿ ಓಡಿ ತಟ್ಟನೆ ನಿಲ್ಲುವುದು, ಆಮೇಲೆ ದಿಕ್ಕು ಬದಲಿಸುವುದು, ಆಮೇಲೆ ಹಾರಿ ಒಂಟಿ ಕಾಲಲ್ಲಿ ಇಳಿಯುವುದು, ಯಾರೂ ತಾಗದ ಅಭ್ಯಾಸ, ಕೊನೆಗೆ ಐದೈದು ಜನರ ಪೂರ್ತಿ ಆಟ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ, ಮರುದಿನ ಬೆಳಿಗ್ಗೆ ಅಳತೆ ಟೇಪನ್ನು ಆಂಕಲ್ ಸುತ್ತ ಎಂಟರ ಆಕಾರದಲ್ಲಿ ಸುತ್ತಿ ನೋಡಿ. ಹಿಂದಿನ ದಿನಕ್ಕಿಂತ ದಪ್ಪಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮಾತ್ರೆ ನುಂಗಿ ಈ ಪರೀಕ್ಷೆ ಮಾಡಿದರೆ ಲೆಕ್ಕಕ್ಕಿಲ್ಲ.

ಸಂಸಾರದ ಪ್ರಶ್ನೆಗೆ ಬರುತ್ತೇನೆ. ಆಟ ಒಂದು ತಟ್ಟೆಯಲ್ಲಿ, ಮನೆ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗುತ್ತಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಆಟ ಕೆಟ್ಟಿದ್ದು ಮನೆಯಿಂದಲ್ಲ. ಮನೆಯಲ್ಲಿ ಮುಚ್ಚಿಟ್ಟಿದ್ದರಿಂದ. ಏನೂ ಆಗಿಲ್ಲ ಅಂತ ನಾನು ಹೇಳುತ್ತಲೇ ಇದ್ದೆ. ನನ್ನ ಹೆಂಡತಿ ನೋಡುತ್ತಿದ್ದುದು ಮೆಟ್ಟಿಲನ್ನು. ಬೆಳಿಗ್ಗೆ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುತ್ತಿದ್ದೆ. ಅವಳು ಕೇಳಿದಾಗಲೆಲ್ಲ ರೇಗಿದೆ. ಆ ರೇಗಾಟವನ್ನು ನಾನೂ ಆಗ "ಆಟದಿಂದ ಸಂಸಾರಕ್ಕೆ ತೊಂದರೆ" ಅಂತಲೇ ಕರೆಯುತ್ತಿದ್ದೆ.

ಮನೆಯವರ ಜೊತೆ ಕೂತು ಹೊಂದಿಸಿಕೊಳ್ಳಬೇಕಾದ್ದು ಮುಖ್ಯವಾಗಿ ನಿದ್ದೆ. ರಾತ್ರಿ ಪಂದ್ಯ ಮುಗಿಸಿ ಬಂದ ಮೈ ಎರಡು ಗಂಟೆವರೆಗೂ ಆರುವುದಿಲ್ಲ, ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ಮರುದಿನದ ಕಾಲು ನಿಮ್ಮದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಿದರು. ಫ್ರೀ ಥ್ರೋ (ಯಾರೂ ಅಡ್ಡ ಬರದೆ ಗೆರೆಯಿಂದ ಎಸೆಯುವ ಎಸೆತ) ನಿಖರತೆ ಶೇ 9ರಷ್ಟು ಏರಿತು, ಓಟದ ವೇಗವೂ ಹೆಚ್ಚಿತು. ಪಂದ್ಯದ ಮರುದಿನ ಬೆಳಿಗ್ಗೆ ನಿಮ್ಮನ್ನು ಎಬ್ಬಿಸಬಾರದು, ಅದರ ಬದಲಿಗೆ ಇಂತಿಂಥ ಹೊತ್ತು ಮನೆಗೇ ಮೀಸಲು ಅಂತ ಮದುವೆಗೆ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ವೇಳಾಪಟ್ಟಿ ಬಂದ ದಿನವೇ ಇಬ್ಬರೂ ಅದನ್ನು ನೋಡಿ.

ಕರಾರಿಗೆ ಸಹಿ ಹಾಕುವ ಮೊದಲೂ ಮನೆಯವರು ಓದಲಿ. ನೀವು ಕ್ಲಬ್‌ಗೆ ಬಂದ ಎಷ್ಟು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮುಗಿಯಬೇಕು ಅಂತ ಬರೆದಿರಲಿ, ಸಾಮಾನ್ಯವಾಗಿ 48ರಿಂದ 72 ಗಂಟೆ. ಅದರಲ್ಲಿ ಪಾಸಾದ ಮೇಲೆ ಆಟದಲ್ಲಿ ಗಾಯವಾದರೆ ಸಂಬಳ ನಿಲ್ಲುವುದಿಲ್ಲ ಅನ್ನುವ ಸಾಲು ಇರಲಿ. ಸಂಬಳ ತೆರಿಗೆ ಕಳೆದ ಮೇಲಿನದೋ ಮೊದಲಿನದೋ, ಮನೆ ಬಾಡಿಗೆ ಯಾರದು, ಜೊತೆಗೆ ಬರುವವರ ವಿಮಾನದ ಟಿಕೆಟ್ ಎಷ್ಟು, ಎಲ್ಲ ಬರಹದಲ್ಲಿ. ವಿದೇಶಿ ಕ್ಲಬ್ ಆದರೆ ವ್ಯಾಜ್ಯ ಜಿನೀವಾದ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಗೆ, ಅಂದರೆ ಬಿಎಟಿಗೆ ಹೋಗುತ್ತದೆ ಅನ್ನುವ ಕಲಮು ಸೇರಿಸಿ. ಆ ಕಲಮು ಇಲ್ಲದಿದ್ದರೆ ಸಂಬಳ ಬಾಕಿ ಬಿದ್ದಾಗ ಆ ದೇಶದ ಕೋರ್ಟು ಅಲೆಯಬೇಕಾಗುತ್ತದೆ.

ಟ್ರಯಲ್‌ನಲ್ಲಿ ಮುಚ್ಚಿಟ್ಟರೂ ಅದೇ ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ವೈದ್ಯರು ಒಂದು ಕೈಯಲ್ಲಿ ಮೀನಖಂಡದ ಕೆಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಮ್ಮಡಿಯನ್ನು ಮುಂದಕ್ಕೆ ಎಳೆಯುತ್ತಾರೆ. ಸಡಿಲ ಇದ್ದರೆ ಕೈಗೇ ಸಿಗುತ್ತದೆ. ಆಗ ನೀವು ಗಾಯಾಳು ಮಾತ್ರ ಅಲ್ಲ, ಸುಳ್ಳು ಹೇಳಿದವರೂ ಆಗುತ್ತೀರಿ.

ಹಾಗಾಗಿ ನಾಳೆಯೇ ಕ್ಲಬ್‌ನ ಮ್ಯಾನೇಜರ್‌ಗೆ ಬರೆಯಿರಿ: ಇಂಥ ದಿನ ಆಂಕಲ್ ಉಳುಕಿದೆ, ಎಕ್ಸ್‌ರೇ ಹೀಗಿದೆ, ಅಳತೆಗಳು ಇಷ್ಟಿವೆ, ಟ್ರಯಲ್ ನಾಲ್ಕು ವಾರ ಮುಂದೂಡಬಹುದೇ, ಆಗದಿದ್ದರೆ ನಿಂತಲ್ಲಿಂದ ಶೂಟಿಂಗ್ ತೋರಿಸಲು ಬರುತ್ತೇನೆ. ಗಾಯ ಹೇಳಿಕೊಂಡ ಆಟಗಾರನಿಗೆ ಕಾಯದ ಕ್ಲಬ್, ಸೀಸನ್ ನಡುವೆ ಗಾಯವಾದರೂ ಕಾಯುವುದಿಲ್ಲ. ಮದುವೆಯಾಗುವ ಹುಡುಗಿಗೆ ಹೇಳುವುದು ಮಾತ್ರ ನಾಳೆಗೂ ಬೇಡ, ಇವತ್ತೇ ಫೋನ್ ಮಾಡಿ. ಇವತ್ತು ರಾತ್ರಿ ಗೋಡೆಯ ಮುಂದೆ ನಿಂತು ಎರಡೂ ಕಾಲಿನ ಅಳತೆ ತೆಗೆದು ಇಲ್ಲಿ ಬರೆಯಿರಿ. ಮೊದಲ ವಾರ ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ ಅನ್ನುವುದು ಆ ಎರಡು ಅಂಕಿ ನೋಡಿದರೆ ಹೇಳಬಲ್ಲೆ.