ಸಾಲಾವಳಿ (ಜಾತಕ ಹೊಂದಾಣಿಕೆ) ಕೂಡಿಲ್ಲ, ಏಕನಾಡಿ ಎಂದು ಅಪ್ಪ ಒಪ್ಪುತ್ತಿಲ್ಲ. ಈ ಸಂಬಂಧ ಬಿಡಬೇಕಾ?

ನಿಮ್ಮದು ರೋಹಿಣಿ ನಕ್ಷತ್ರ, ವೃಷಭ ರಾಶಿ. ಹುಡುಗನದು ಸ್ವಾತಿ, ತುಲಾ ರಾಶಿ. ಇಬ್ಬರೂ ಮಾತಾಡಿ ಒಪ್ಪಿಕೊಂಡ ಮೇಲೆ ಜೋಯಿಸರು ಏಕನಾಡಿ (ಇಬ್ಬರ ನಕ್ಷತ್ರವೂ ಒಂದೇ ನಾಡಿಯದು) ಇದೆ, ರಾಶಿಗಳ ನಡುವೆ ಷಷ್ಠಾಷ್ಟಕ ದೋಷ ಇದೆ, 36ರಲ್ಲಿ ಕನಿಷ್ಠ ಬೇಕಾದ 18 ಗುಣವೂ ಬರುತ್ತಿಲ್ಲ ಎಂದಿದ್ದಾರೆ. ಏಕನಾಡಿ ಅಂದರೆ ಒಂದೇ ರಕ್ತ, ಮಕ್ಕಳಿಗೆ ತೊಂದರೆ ಎಂದು ಅಪ್ಪ ಹೆದರಿದ್ದಾರೆ. ಆ್ಯಪ್‌ನಲ್ಲಿ ಹಾಕಿದರೆ ಹುಡುಗನದು ಚಿತ್ತಾ ನಕ್ಷತ್ರ ಎಂದು ಬರುತ್ತಿದೆ. ಯಾವುದನ್ನು ನಂಬಲಿ, ಸಂಬಂಧ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ.

ಈ ಕಾರಣಕ್ಕೆ ಬಿಡಬೇಡಿ. ಹುಡುಗ ಒಳ್ಳೆಯವನು, ನಿಮಗೆ ಮನಸ್ಸಿದೆ ಅಂದರೆ ಖಂಡಿತ ಬಿಡಬೇಡಿ.

ನಾನು ಜ್ಯೋತಿಷಿ ಅಲ್ಲ. ನಮ್ಮ ತಾತ ಊರಿನವರಿಗೆ ಸಾಲಾವಳಿ ನೋಡಿಕೊಡುತ್ತಿದ್ದರು. ಪಕ್ಕದಲ್ಲಿ ಕೂತು ಲೆಕ್ಕ ಕಲಿತೆ. ಗ್ರಹಗಳು ದಾಂಪತ್ಯವನ್ನು ತೀರ್ಮಾನಿಸುತ್ತವೆ ಅನ್ನುವುದಕ್ಕೆ ಪುರಾವೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಪ್ಪನ ಹತ್ತಿರ ಇಷ್ಟೇ ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅಲ್ವಾ? ಅದಕ್ಕೇ ಲೆಕ್ಕದ ಒಳಗೆ ಹೋಗೋಣ.

ಸಾಲಾವಳಿಯಲ್ಲಿ ಎಂಟು ಕೂಟ, ಅಂದರೆ ಎಂಟು ಹೊಂದಿಕೆ ನೋಡಿ ಗುಣ ಕೊಡುತ್ತಾರೆ: ವರ್ಣಕ್ಕೆ 1, ವಶ್ಯಕ್ಕೆ 2, ತಾರಾಕ್ಕೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8. ಕೂಡಿದರೆ 36. ನಮ್ಮ ಕಡೆ ಕೆಲವರು ಇದರ ಜೊತೆ ರಜ್ಜು, ವೇಧೆ ಎಂಬ ಇನ್ನೆರಡು ಹೊಂದಿಕೆಗಳನ್ನೂ ನೋಡುತ್ತಾರೆ. ಈ ಎಂಟೂ ಕೂಟಗಳಿಗೆ ಬೇಕಾಗುವುದು ಒಂದೇ ವಿಷಯ: ಹುಟ್ಟಿದಾಗ ಚಂದ್ರ ಎಲ್ಲಿದ್ದ ಅನ್ನುವುದು. ಲಗ್ನ, ಸಪ್ತಮ ಸ್ಥಾನ, ಗುರು, ಶುಕ್ರ, ದಶೆ ಯಾವುದೂ ಆ 36ರ ಒಳಗೆ ಬರುವುದಿಲ್ಲ. ಅಂದರೆ ಬರೀ ಗುಣ ಎಣಿಸಿ ಬೇಡ ಎಂದವರು ನಿಮ್ಮ ಜಾತಕವನ್ನು ಪೂರ್ತಿ ನೋಡಿಯೇ ಇಲ್ಲ. ಶಾಸ್ತ್ರ ನಂಬುವವರೂ ಒಪ್ಪುವ ಮಾತು ಇದು.

ಈಗ ನಿಮ್ಮ ಲೆಕ್ಕ. ನಾಡಿಯ 8 ಹೋಯಿತು, ರಾಶಿಯ 7 ಹೋಯಿತು. ಉಳಿದದ್ದೆಲ್ಲ ಪೂರ್ತಿ ಬಂದರೂ 21 ದಾಟುವ ಹಾಗಿಲ್ಲ. ಕಡಿಮೆ ಬಂದದ್ದು ಮುಖ್ಯವಾಗಿ ಇದರಿಂದಲೇ.

ರಾಶಿಯ 7 ಯಾಕೆ ಹೋಯಿತು ನೋಡಿ. ವೃಷಭದಿಂದ ತುಲಾ ಆರನೆಯದು, ತುಲಾದಿಂದ ವೃಷಭ ಎಂಟನೆಯದು. ಅದೇ ಷಷ್ಠಾಷ್ಟಕ. ಆದರೆ ಎರಡೂ ರಾಶಿಗೆ ಅಧಿಪತಿ ಶುಕ್ರನೇ. ಅಧಿಪತಿ ಒಬ್ಬನೇ ಆದರೆ ಷಷ್ಠಾಷ್ಟಕ ದೋಷವಿಲ್ಲ ಎಂದು ಸಂಪ್ರದಾಯದಲ್ಲೇ ವಿನಾಯಿತಿ ಇದೆ. ಮೇಷ, ವೃಶ್ಚಿಕಕ್ಕೂ ಹೀಗೇ, ಅಲ್ಲಿ ಎರಡಕ್ಕೂ ಕುಜ ಅಧಿಪತಿ. ಇದನ್ನು ಜೋಯಿಸರ ಎದುರೇ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಬಲ್ಲವರಾದರೆ ಇಲ್ಲ ಅನ್ನುವುದಿಲ್ಲ.

ಇನ್ನು ಎಲ್ಲರೂ ಹೆದರುವ ನಾಡಿ. ತಾತ ಅದನ್ನು ಮೂರು ಬೆರಳಿನ ಮೇಲೆ ಎಣಿಸುತ್ತಿದ್ದರು. ಅಶ್ವಿನಿ ತೋರುಬೆರಳು, ಭರಣಿ ನಡುಬೆರಳು, ಕೃತ್ತಿಕೆ ಉಂಗುರಬೆರಳು. ಅಲ್ಲಿಂದ ವಾಪಸ್ಸು. ರೋಹಿಣಿ ಉಂಗುರಬೆರಳಿನಲ್ಲೇ, ಮೃಗಶಿರ ನಡುಬೆರಳು, ಆರಿದ್ರಾ ತೋರುಬೆರಳು. ಪುನರ್ವಸು ಮತ್ತೆ ತೋರುಬೆರಳಿನಿಂದ ಶುರು. ಹೀಗೆ ಹೋಗುತ್ತಾ ಬರುತ್ತಾ ರೇವತಿವರೆಗೆ 27 ಮುಗಿಯುತ್ತದೆ. ತೋರುಬೆರಳಿಗೆ ಬಂದದ್ದು ಆದಿ, ನಡುಬೆರಳಿಗೆ ಮಧ್ಯ, ಉಂಗುರಬೆರಳಿಗೆ ಅಂತ್ಯ. ನಿಮ್ಮ ರೋಹಿಣಿ, ಹುಡುಗನ ಸ್ವಾತಿ ಎರಡೂ ಅಂತ್ಯನಾಡಿ. ಅಷ್ಟೇ ವಿಷಯ. ಪ್ರತಿ ಬೆರಳಿಗೂ ಒಂಬತ್ತೊಂಬತ್ತು ನಕ್ಷತ್ರ. ಹಾಗಾಗಿ ಜಾತಕ ನೋಡದೆ ಮದುವೆಯಾದವರಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದು ಜೋಡಿ ಏಕನಾಡಿಯೇ ಆಗಿರುತ್ತದೆ. ನಿಮ್ಮ ನೆಂಟರಲ್ಲೇ ಅಂಥವರು ಎಷ್ಟು ಜನ ಇದ್ದಾರೆ, ಅವರ ಮಕ್ಕಳು ಹೇಗಿದ್ದಾರೆ, ಅಪ್ಪನ ಜೊತೆ ಕೂತು ಎಣಿಸಿ. ಒಂದು ಸಂಜೆ ಸಾಕು.

ಒಂದೇ ರಕ್ತ ಅನ್ನುವ ಮಾತಂತೂ ಪೂರ್ತಿ ತಪ್ಪು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಭರಣಿ, ತಂಗಿ ರೋಹಿಣಿ ಇರಬಹುದು. ಅವರ ನಾಡಿ ಬೇರೆ ಬೇರೆ! ಎಲ್ಲೋ ದೂರದ ಊರಿನ, ಸಂಬಂಧವೇ ಇಲ್ಲದ ಹುಡುಗನ ನಾಡಿ ನಿಮ್ಮದೇ ಆಗಬಹುದು. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದುಂಟು. ಅಲ್ಲಿ ರಕ್ತ ನಿಜವಾಗಿಯೂ ಹತ್ತಿರ. ಆದರೂ ನಾಡಿ ಬೇರೆಯಾದರೆ 8ಕ್ಕೆ 8 ಗುಣ ಸಿಗುತ್ತದೆ. ಅಪ್ಪನಿಗೆ ಮಕ್ಕಳ ಬಗ್ಗೆ ಇರುವ ಭಯ ಸುಮ್ನೆ ಅಲ್ಲ, ಪ್ರೀತಿಯಿಂದ ಬಂದದ್ದು. ಅದಕ್ಕೆ ದಾರಿ ಪ್ರಯೋಗಾಲಯದಲ್ಲಿದೆ. ಥಲಸ್ಸೀಮಿಯಾ ಎಂಬುದು ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ನೀವಿಬ್ಬರೂ ಅದರ ವಾಹಕರೇ (ಕಾಯಿಲೆ ಕಾಣದಿದ್ದರೂ ಅದರ ಜೀನ್ ಇರುವವರೇ) ಎಂದು ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25. ಒಬ್ಬರೇ ಆದರೆ ಮಗುವಿಗೆ ತೀವ್ರ ರೂಪದ ಕಾಯಿಲೆ ಬರುವುದಿಲ್ಲ. ನಿಮ್ಮದು ನೆಗೆಟಿವ್ ರಕ್ತದ ಗುಂಪಾಗಿದ್ದರೆ ಬಸಿರಿನಲ್ಲಿ ವೈದ್ಯರಿಗೆ ಮೊದಲೇ ಹೇಳಬೇಕು, ಅದಕ್ಕೆ ಇಂಜೆಕ್ಷನ್ ಇದೆ.

ಸ್ವಾತಿಯಾ, ಚಿತ್ತಾ ನಕ್ಷತ್ರವಾ? ಹುಡುಗ ಹುಟ್ಟಿದಾಗ ಚಂದ್ರ ಇವೆರಡರ ಗಡಿಯಲ್ಲಿ, ತುಲಾ ರಾಶಿಯ 6 ಡಿಗ್ರಿ 40 ನಿಮಿಷದ ಆಸುಪಾಸಿನಲ್ಲಿ ಇದ್ದಿರಬೇಕು. ಆ್ಯಪ್‌ಗಳು ಹೆಚ್ಚಾಗಿ ಲಾಹಿರಿ ಅಯನಾಂಶ (ರಾಶಿಚಕ್ರ ಎಲ್ಲಿಂದ ಶುರು ಎಂದು ಗೊತ್ತುಮಾಡುವ ಡಿಗ್ರಿ ಲೆಕ್ಕ) ಹಿಡಿಯುತ್ತವೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟ ಮೇಲೆ ಸರ್ಕಾರ ಒಪ್ಪಿಕೊಂಡದ್ದು ಅದನ್ನೇ. ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಲೆಕ್ಕ ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಹಳೆಯ ವಾಕ್ಯ ಪದ್ಧತಿಯ ಪಂಚಾಂಗಗಳದು ಇನ್ನೊಂದು ದಾರಿ. ಒಂದೂವರೆ ಡಿಗ್ರಿ ದಾಟಲು ಚಂದ್ರನಿಗೆ ಎರಡೂವರೆ, ಮೂರು ಗಂಟೆ ಬೇಕು. ಆ ಹೊತ್ತಿನಲ್ಲಿ ಹುಟ್ಟಿದವರ ನಕ್ಷತ್ರ, ಯಾರ ಪಂಚಾಂಗ ನೋಡುತ್ತೀರಿ ಎಂಬುದರ ಮೇಲೆ ಬದಲಾಗುತ್ತದೆ.

ನಿಮ್ಮ ವಿಷಯದಲ್ಲಿ ಏನಾಗುತ್ತದೆ ನೋಡಿ. ಗಣ ಅಂದರೆ ಸ್ವಭಾವದ ಗುಂಪು. ಸ್ವಾತಿ ಎಂದರೆ ದೇವಗಣ, ನಿಮ್ಮದು ಮನುಷ್ಯಗಣ, ಗಣ ಚೆನ್ನಾಗಿ ಕೂಡುತ್ತದೆ, ನಾಡಿ ಕೂಡುವುದಿಲ್ಲ. ಚಿತ್ತಾ ಎಂದರೆ ಮಧ್ಯನಾಡಿ, ನಾಡಿಯ 8 ಪೂರ್ತಿ ಸಿಗುತ್ತದೆ. ಆದರೆ ಚಿತ್ತಾ ರಾಕ್ಷಸಗಣ, ಗಣದಲ್ಲಿ ದೋಷ ಬಂತು. ಹುಡುಗ ಅವನೇ, ಹುಟ್ಟಿದ ಗಳಿಗೆ ಅದೇ. ಒಬ್ಬರು ಮಕ್ಕಳಿಗೆ ತೊಂದರೆ ಅನ್ನುತ್ತಾರೆ, ಇನ್ನೊಬ್ಬರು ಗಂಡ ಹೆಂಡಿರಿಗೆ ಜಗಳ ಅನ್ನುತ್ತಾರೆ. ಇಷ್ಟು ತೆಳು ಗೆರೆಯ ಮೇಲೆ ಒಬ್ಬ ಹೆಣ್ಣುಮಗಳ ಬದುಕು ನಿಲ್ಲಬಾರದು ಎಂದೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಅಪ್ಪನ ಜೊತೆ ವಾದಕ್ಕೆ ಇಳಿಯಬೇಡಿ. "ನಿಮ್ಮ ಭಯ ಅರ್ಥ ಆಗುತ್ತದೆ ಅಪ್ಪ, ಇನ್ನೊಬ್ಬ ಹಿರಿಯರ ಹತ್ತಿರ ಇಬ್ಬರ ಕುಂಡಲಿಯನ್ನೂ ಪೂರ್ತಿ ನೋಡಿಸೋಣ" ಎನ್ನಿ. ಹೋಗುವ ಮೊದಲು ಹುಡುಗನ ಕೆಲಸ, ಸಾಲ, ಕುಡಿತ, ಸಿಟ್ಟು, ಮದುವೆಯಾದ ಮೇಲೆ ನೀವು ದುಡಿಯುವ ಬಗ್ಗೆ ಅವರ ಮನೆಯ ಅಭಿಪ್ರಾಯ, ಇವನ್ನು ವಿಚಾರಿಸಿ ಅಪ್ಪನಿಗೆ ತಿಳಿಸಿ. ಇದರಲ್ಲಿ ಏನಾದರೂ ಕೆಟ್ಟದ್ದು ಕಂಡರೆ 36ಕ್ಕೆ 36 ಬಂದಿದ್ದರೂ ನಾನೇ ಬೇಡ ಅನ್ನುತ್ತಿದ್ದೆ.

ಶಾಂತಿ ಮಾಡಿಸಿ ಎಂದರೆ, ಅಪ್ಪನ ಸಮಾಧಾನಕ್ಕೆ ಊರ ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿ. ಸಾಲ ಮಾಡಿ ಹೋಮ ಮಾಡಿಸಬೇಡಿ. ಹುಟ್ಟಿದ ಸಮಯ ಬದಲಿಸಿ ಹೊಸ ಜಾತಕ ಬರೆಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಮಾತ್ರ ಒಪ್ಪಬೇಡಿ. ಮುಂದೆ ಅತ್ತೆ ಮಾವನಿಗೆ ಹುಷಾರು ತಪ್ಪಿದಾಗ ಆ ವಿಷಯ ಹೊರಗೆ ಬಂದರೆ, ಮಾತು ಕೇಳುವವರು ನೀವು. ಏಕನಾಡಿ ಎಂದು ಹೇಳಿದ್ದಾರೆ, ನಮಗೆ ಅಡ್ಡಿಯಿಲ್ಲ, ನಿಮಗೆ? ಎಂದು ಹುಡುಗನ ಮನೆಯವರನ್ನು ಈಗಲೇ, ನಿಶ್ಚಿತಾರ್ಥಕ್ಕೆ ಮೊದಲೇ, ನೇರವಾಗಿ ಕೇಳಿಬಿಡಿ.