ಸಾರಿನಲ್ಲಿ ಮಾತ್ರೆ ಬೆರೆಸಬೇಡಿ

ಪ್ರಶ್ನೆ: ಗಂಡನಿಗೆ 41 ವರ್ಷ. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದರು, ಈಗ ದಿನಾ ರಾತ್ರಿ ಒಂದು ಕ್ವಾರ್ಟರ್ ಬೇಕು. ಕುಡಿಯದಿದ್ದರೆ ಯಾವುದರಲ್ಲೂ ಖುಷಿ ಇಲ್ಲ, ಮಗಳು ಮಾತಾಡಿಸಿದರೂ ಸಿಡುಕು. ನನ್ನ ಹತ್ತಿರ ಬರುವುದೂ ನಿಂತಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗುತ್ತದೆ. ಕುಡಿತ ಬಿಡಿಸುವ ಮಾತ್ರೆ ತಂದು, ಗೊತ್ತಾಗದ ಹಾಗೆ ಸಾರಿಗೆ ಬೆರೆಸು ಅನ್ನುತ್ತಾರೆ ಅತ್ತೆ. ಬೆರೆಸಲೇ? – ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಖಂಡಿತ ಬೇಡ. ಇಂಥ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಂ ಆಗಿರುತ್ತದೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲೇ ಉಳಿದು ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಬಿಪಿ ಕುಸಿಯುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ನಿಲ್ಲಿಸಿದ ಮೇಲೂ ಅದರ ಪ್ರಭಾವ ಎರಡು ವಾರದವರೆಗೆ ಇರಬಹುದು. ತಿನ್ನುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರ್ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧಿ ಅದು. ಈಗಾಗಲೇ ಬೆರೆಸಿದ್ದರೆ ಅವರಿಗೂ ಡಾಕ್ಟರಿಗೂ ಇವತ್ತೇ ಹೇಳಿಬಿಡಿ.

ಅವರ ಸಿಡುಕನ್ನು ನಿಮ್ಮ ಮೇಲಿನ ಬೇಸರ ಅಂದುಕೊಳ್ಳಬೇಡಿ. ಕುಡಿದಾಗ ಮಿದುಳಿನಲ್ಲಿ ಎಂಡಾರ್ಫಿನ್ ಸುರಿಯುತ್ತದೆ. ನೋವು ಮರೆಸಿ ಹಿತ ಕೊಡುವ, ನಮ್ಮ ಮಿದುಳೇ ತಯಾರಿಸುವ ವಸ್ತು ಅದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ಕುಡಿದವರ ಮಿದುಳನ್ನು ಸ್ಕ್ಯಾನ್ ಮಾಡಿ ಇದನ್ನು ಕಣ್ಣಾರೆ ಕಂಡರು. ಆದರೆ ದಿನಾ ಕುಡಿಯುತ್ತಾ ಹೋದರೆ ಮಿದುಳು ತನ್ನ ಕೆಲಸ ತಾನು ಮಾಡುವುದನ್ನು ಕಡಿಮೆ ಮಾಡುತ್ತದೆ. ಟ್ಯಾಂಕರ್ ನೀರು ದಿನಾ ಬರುತ್ತಿದ್ದರೆ ಬೋರ್‌ವೆಲ್ ರಿಪೇರಿ ಯಾರು ಮಾಡಿಸುತ್ತಾರೆ ಹೇಳಿ? ಹಾಗಾಗಿ ಮಗಳ ಮಾತು, ಒಳ್ಳೆ ಊಟ, ಯಾವುದೂ ಅವರಿಗೆ ಮೊದಲಿನಷ್ಟು ಹಿತ ಕೊಡುತ್ತಿಲ್ಲ. ಜೊತೆಗೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುತ್ತದೆ, ಟೆಸ್ಟೋಸ್ಟಿರಾನ್ ಇಳಿಯುತ್ತದೆ. ನಿಮ್ಮಿಬ್ಬರ ನಡುವಿನ ದೂರಕ್ಕೆ ಇದೂ ಒಂದು ಕಾರಣ ಇರಬಹುದು, ಅಲ್ವಾ?

ನನಗೆ ಜಾಸ್ತಿ ಭಯ ಆ ಕೈ ನಡುಕದ್ದು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ, ಅದಕ್ಕೆ ಎದುರಾಗಿ ಮಿದುಳು ತನ್ನ ಉದ್ರೇಕ ಹೆಚ್ಚಿಸಿಕೊಂಡು ಕೂತಿರುತ್ತದೆ, ಬೆಳಿಗ್ಗೆ ಮದ್ಯ ಇಳಿದಾಗ ಆ ಉದ್ರೇಕ ಒಂದೇ ಉಳಿಯುತ್ತದೆ. ಆದ್ದರಿಂದ ಬಾಟಲಿ ಬಚ್ಚಿಟ್ಟು, ಆಣೆ ಹಾಕಿಸಿ ಸಡನ್ನಾಗಿ ಬಿಡಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಂಡ ಹಾಗೆ ಮಾತಾಡಿದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ನಡುಕ, ಫಿಟ್ಸ್ ತಡೆಯಲು ಔಷಧಿ, ಬಿ1 ವಿಟಮಿನ್ ಕೊಡುತ್ತಾರೆ. ಎಂಡಾರ್ಫಿನ್ ಕೂರುವ ಜಾಗವನ್ನೇ ತಡೆದು ಕುಡಿತದ ಮಜಾ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯೂ ಇದೆ, ಲಿವರ್ ಪರೀಕ್ಷೆ ನೋಡಿ ಅದು ಬೇಕೋ ಬೇಡವೋ ಹೇಳುತ್ತಾರೆ. ಖುಷಿ ವಾಪಸ್ ಬರಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕುಡಿದಿರುವಾಗ ಈ ಮಾತು ತೆಗೆಯಬೇಡಿ. ಬೆಳಿಗ್ಗೆ, ಅತ್ತೆ ಪಕ್ಕದಲ್ಲಿಲ್ಲದಾಗ, "ನಿಮ್ಮ ಕೈ ನಡುಗೋದು ನೋಡಿ ಭಯ ಆಗ್ತಿದೆ, ಒಮ್ಮೆ ತೋರಿಸೋಣ" ಅಂತಷ್ಟೇ ಹೇಳಿ. ಒಪ್ಪದಿದ್ದರೆ ನೀವೊಬ್ಬರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.