ಮಜ್ಜೆಯ ಆಕರಕೋಶ ಏನೆಲ್ಲ ಆಗಬಲ್ಲದು?

ಪ್ರಶ್ನೆ: ವಯಸ್ಕರ ಮೂಳೆಮಜ್ಜೆಯಲ್ಲಿರುವ ಆಕರಕೋಶಗಳು (ಸ್ಟೆಮ್ ಸೆಲ್) ರಕ್ತ, ಮೂಳೆ, ಮೃದ್ವಸ್ಥಿ, ಕೊಬ್ಬು ಹೀಗೆ ಬೇರೆ ಬೇರೆ ಅಂಗಾಂಶಗಳಾಗಿ ಬೆಳೆಯುತ್ತವೆ ಎಂದು ಓದಿದ್ದೇನೆ. ಒಂದೇ ಕೋಶ ಇಷ್ಟೆಲ್ಲ ಆಗುವುದು ಹೇಗೆ? ಹೃದಯ ಮತ್ತು ಮಿದುಳಿನ ಕೋಶಗಳೂ ಅದರಿಂದ ಹುಟ್ಟಬಲ್ಲವೇ?

ಉತ್ತರ: ಮಜ್ಜೆಯಲ್ಲಿರುವ ಆಕರಕೋಶಗಳು ಒಂದೇ ಬಗೆಯವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ರಕ್ತವನ್ನು ಹುಟ್ಟಿಸುವ ಕೋಶಗಳದು ಒಂದು ವಂಶ. ಮೂಳೆ, ಮೃದ್ವಸ್ಥಿ, ಕೊಬ್ಬುಗಳಾಗಬಲ್ಲ, ಮಜ್ಜೆಗೆ ಆಧಾರವಾಗಿ ನಿಂತಿರುವ ಮೆಸೆಂಕೈಮಲ್ ಕೋಶಗಳದು ಇನ್ನೊಂದು.

ಮೊದಲನೆಯ ವಂಶದ ಸಾಮರ್ಥ್ಯ ನಿಸ್ಸಂದೇಹವಾಗಿ ಸಾಬೀತಾಗಿದೆ. ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್ ಅವರು ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಚುಚ್ಚಿದಾಗ, ಕೆಲವು ದಿನಗಳಲ್ಲಿ ಅವುಗಳ ಗುಲ್ಮದ ಮೇಲೆ ಸಣ್ಣ ಗಂಟುಗಳು ಮೂಡಿದವು. 1961ರಲ್ಲಿ ಪ್ರಕಟವಾದ ಈ ಪ್ರಯೋಗದ ಮುಂದುವರಿಕೆಯಾಗಿ, ಅಂಥ ಒಂದೊಂದು ಗಂಟೂ ಒಂದೇ ಕೋಶದ ಸಂತಾನವೆಂದು 1963ರಲ್ಲಿ ತೋರಿಸಲಾಯಿತು. ಒಂದೇ ಗಂಟಿನೊಳಗೆ ಹಲವು ಬಗೆಯ ರಕ್ತಕೋಶಗಳಿದ್ದವು.

ಇನ್ನು ‘ಹೇಗೆ’ ಎಂಬ ಪ್ರಶ್ನೆ. ಆಕರಕೋಶದಲ್ಲಿಯೂ ಅದರಿಂದ ಹುಟ್ಟಿದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇರುವ ವಂಶವಾಹಿಗಳು ಅವೇ. ಅವುಗಳಲ್ಲಿ ಯಾವುವು ಚಾಲೂ ಆಗಿವೆ, ಯಾವುವು ಸುಮ್ಮನಿವೆ ಎಂಬುದರ ಮೇಲೆ ಕೋಶದ ಸ್ವರೂಪ ನಿಂತಿದೆ. ಈ ಆಯ್ಕೆಯನ್ನು ನಡೆಸುವ ಪ್ರೋಟೀನುಗಳಲ್ಲಿ ಕೆಲವು ಒಂದನ್ನೊಂದು ಅಡಗಿಸುತ್ತವೆ. ಗಾಟಾ-1 ಎಂಬ ಪ್ರೋಟೀನು ಮೇಲುಗೈ ಪಡೆದರೆ ಕೋಶ ಕೆಂಪು ರಕ್ತಕಣದ ಹಾದಿ ಹಿಡಿಯುತ್ತದೆ, ಪಿಯು-1 ಮೇಲುಗೈ ಪಡೆದರೆ ಬಿಳಿ ರಕ್ತಕಣಗಳ ಕಡೆಗೆ ಹೊರಳುತ್ತದೆ. ಎರಡನೆಯ ವಂಶದಲ್ಲಿ ರನ್‌ಎಕ್ಸ್-2 ಮೂಳೆಯ ಕಡೆಗೆ, ಸಾಕ್ಸ್-9 ಮೃದ್ವಸ್ಥಿಯ ಕಡೆಗೆ, ಪಿಪಿಎಆರ್-ಗಾಮಾ ಕೊಬ್ಬಿನ ಕಡೆಗೆ ಒಯ್ಯುತ್ತವೆ.

ಯಾವ ಪ್ರೋಟೀನು ಗೆಲ್ಲಬೇಕೆಂಬುದರಲ್ಲಿ ಸುತ್ತಲಿನ ಪರಿಸರದ ಪಾತ್ರ ದೊಡ್ಡದು. ಪ್ರಯೋಗಾಲಯದ ತಟ್ಟೆಯಲ್ಲಿ ಕದಿರಿನಾಕಾರದಲ್ಲಿ ಹರಡಿಕೊಂಡಿರುವ ಮೆಸೆಂಕೈಮಲ್ ಕೋಶಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ, ಸಿ ಜೀವಸತ್ವ ಮತ್ತು ಫಾಸ್ಫೇಟು ಒದಗಿಸುವ ಒಂದು ಲವಣವನ್ನು ಕೊಟ್ಟು ಸುಮಾರು ಮೂರು ವಾರ ಬೆಳೆಸಿದರೆ ಅವುಗಳ ಸುತ್ತ ಕ್ಯಾಲ್ಸಿಯಂ ಸಂಚಯವಾಗುತ್ತದೆ; ಅಲಿಜರಿನ್ ಎಂಬ ಬಣ್ಣ ಹಾಕಿದೊಡನೆ ಆ ಜಾಗವೆಲ್ಲ ಕೆಂಪಾಗುತ್ತದೆ. ಇನ್‌ಸುಲಿನ್ ಮೊದಲಾದವುಗಳಿರುವ ಬೇರೊಂದು ದ್ರಾವಣದಲ್ಲಿ ಅದೇ ಕೋಶಗಳ ಒಡಲು ಹೊಳೆಯುವ ಕೊಬ್ಬಿನ ಹನಿಗಳಿಂದ ತುಂಬುತ್ತದೆ. ಮೃದ್ವಸ್ಥಿಯಾಗಬೇಕಾದರೆ ಕೋಶಗಳನ್ನು ಒತ್ತೊತ್ತಾಗಿ ಉಂಡೆಗಟ್ಟಿಸಬೇಕು. ನನಗೆ ಇವೆಲ್ಲಕ್ಕಿಂತ ವಿಸ್ಮಯವೆನಿಸುವುದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ: ಕೋಶ ಅಂಟಿಕೊಂಡಿರುವ ನೆಲೆಯ ಗಡಸುತನವೇ ಅದರ ದಿಕ್ಕನ್ನು ಬದಲಿಸಬಲ್ಲದು ಎಂದು ಅದು ತೋರಿಸಿತು. ಗಡಸಾದ ನೆಲೆಯ ಮೇಲೆ ಮೂಳೆಯ ಗುಣಗಳೂ ಅದಕ್ಕಿಂತ ಮೆತ್ತಗಿನ ನೆಲೆಯ ಮೇಲೆ ಸ್ನಾಯುವಿನ ಗುಣಗಳೂ ಕಂಡುಬಂದವು.

ಹೃದಯ ಮತ್ತು ಮಿದುಳಿನ ಮಾತು ಬೇರೆ. ಮಜ್ಜೆಯ ಕೋಶಗಳು ಇಲಿಯ ಗಾಸಿಗೊಂಡ ಹೃದಯದಲ್ಲಿ ಹೊಸ ಸ್ನಾಯುವಾದವೆಂಬ ವರದಿ 2001ರಲ್ಲಿ ಬಂದು ಬಹಳ ಆಸೆ ಹುಟ್ಟಿಸಿತು. ಆದರೆ ಕೋಶಗಳಿಗೆ ಗುರುತು ಹಾಕಿ ಜಾಡು ಹಿಡಿದ ಇತರ ತಂಡಗಳು, ಅವು ಹೃದಯದ ಸ್ನಾಯುವಾಗುವುದಿಲ್ಲವೆಂದು 2004ರಲ್ಲಿ ಪ್ರಕಟಿಸಿದವು. ಮಜ್ಜೆಯ ಕೋಶ ಯಕೃತ್ತಿನ ಕೋಶವಾಯಿತೆಂದು ತೋರಿದ ಕೆಲವು ಪ್ರಸಂಗಗಳಲ್ಲಿಯೂ ನಿಜವಾಗಿ ನಡೆದದ್ದು ರೂಪಾಂತರವಲ್ಲ, ಎರಡು ಕೋಶಗಳ ಬೆಸುಗೆ. ಮಿದುಳಿನ ವಿಷಯದಲ್ಲಿಯೂ ತಟ್ಟೆಯಲ್ಲಿ ನರಕೋಶದಂತೆ ಕಂಡದ್ದು ಕೆಲಸ ಮಾಡುವ ನರಕೋಶವೆಂದು ಭಾವಿಸಬಾರದು. ಮೆಸೆಂಕೈಮಲ್ ಕೋಶಗಳಿಂದ ಇಂಥ ಅಂಗಗಳಿಗೆ ಏನಾದರೂ ಪ್ರಯೋಜನ ಕಂಡರೆ, ಅದು ಬಹುಮಟ್ಟಿಗೆ ಅವು ಸ್ರವಿಸುವ, ಉರಿಯೂತವನ್ನು ತಗ್ಗಿಸುವ ವಸ್ತುಗಳಿಂದ ಎಂಬುದು ಇಂದಿನ ಪ್ರಬಲ ಅಭಿಪ್ರಾಯ. ಆದ್ದರಿಂದ ಮಜ್ಜೆಯ ಒಂದೇ ಚುಚ್ಚುಮದ್ದಿನಿಂದ ಹೃದಯ, ನರ, ಕೀಲು ಎಲ್ಲವನ್ನೂ ಹೊಸದಾಗಿ ಬೆಳೆಸುತ್ತೇವೆಂದು ಯಾರಾದರೂ ಹೇಳಿದರೆ ನಂಬಿ ಹಣ ಕಟ್ಟಬೇಡಿ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂತೆ ಅದು ದಶಕಗಳ ಅನುಭವದಿಂದ ದೃಢಪಟ್ಟ ಚಿಕಿತ್ಸೆಯಲ್ಲ.